ದೊಡ್ಡಕ್ಕನ ಇಪ್ಪತ್ತನಾಲ್ಕು ಹುಟ್ಟುಗಳು

ಬಹಳ ಬಹಳ ಕಾಲದ ಹಿಂದೆ, ಕಡಲಹಕ್ಕಿಗಳಿಗೆ ಇನ್ನೂ ಮಾತು ಬರುತ್ತಿದ್ದಾಗ, ಮೂರು ಕಡೆ ನೀರು ಒಂದು ಕಡೆ ಗುಡ್ಡ ಇರುವ ತೆರೆನಾಡು ಎಂಬ ರಾಜ್ಯವಿತ್ತು. ಆ ನಾಡಿನ ಜನ ನೆಲದ ಮೇಲೆ ನಡೆದದ್ದಕ್ಕಿಂತ ನೀರಿನ ಮೇಲೆ ಹೋದದ್ದೇ ಹೆಚ್ಚು. ಹೋಗುವುದಕ್ಕೆ ಅವರಿಗೆ ಮೂರು ದಾರಿ ಗೊತ್ತಿತ್ತು. ನೀರು ಕಡಿಮೆ ಇದ್ದಲ್ಲಿ ಉದ್ದನೆಯ ಬಿದಿರ ಗಳ ಊರಿ ತಳ್ಳುತ್ತಿದ್ದರು. ಗಾಳಿ ಇದ್ದಲ್ಲಿ ಹಾಯಿ ಬಿಚ್ಚುತ್ತಿದ್ದರು. ನೀರು ಆಳ, ಗಾಳಿಯೂ ಇಲ್ಲ ಎಂದಾದರೆ ಸಾಲಾಗಿ ಕೂತು ಹುಟ್ಟು ಎಳೆಯುತ್ತಿದ್ದರು. ಈ ಮೂರನ್ನೇ ನಂಬಿ ಅವರು ಮೆಣಸು ಬೆಳೆಯುವ ದ್ವೀಪಕ್ಕೂ ಹೋಗಿದ್ದರು, ಮುತ್ತು ಸಿಗುವ ಕೊಲ್ಲಿಗೂ ಹೋಗಿದ್ದರು, ಹೋದವರು ತಿರುಗಿಯೂ ಬಂದಿದ್ದರು.

ತೆರೆನಾಡಿನಲ್ಲಿ ಗಂಡು ನೋಡಲು ಹೋದವರು ಮುಖ ನೋಡುತ್ತಿರಲಿಲ್ಲ, ಅಂಗೈ ನೋಡುತ್ತಿದ್ದರು. ಹುಟ್ಟು ಹಿಡಿದು ಜಡ್ಡುಗಟ್ಟಿದ ಕೈಯಾದರೆ ಮೂಗು ಸೊಟ್ಟಗಿದ್ದರೂ ಮದುವೆ ಆಗುತ್ತಿತ್ತು. ಕೈ ಮೆತ್ತಗಿದ್ದರೆ ಹುಡುಗ ಎಷ್ಟೇ ಚೆಲುವನಾಗಿರಲಿ, ಒಂದು ಲೋಟ ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದರು.

ಆ ನಾಡಿನ ಬಂದರಿನಲ್ಲಿ ಬೀರ ತಾಂಡೇಲನ ಮನೆ. ತಾಂಡೇಲ ಎಂದರೆ ಹಡಗಿನ ಯಜಮಾನ, ಚುಕ್ಕಾಣಿ ಹಿಡಿಯುವವನು. ಮೂವತ್ತು ವರ್ಷ ಬಿಸಿಲಲ್ಲಿ ಹೊಳೆಯುವ ನೀರನ್ನೇ ನೋಡಿ ನೋಡಿ ಬೀರನ ಎರಡೂ ಕಣ್ಣು ಹೋಗಿದ್ದವು. ಅವನಿಗೆ ಇಬ್ಬರು ಮಕ್ಕಳು, ಮಗ ಜಟ್ಟಿಗ, ಮಗಳು ದುಗ್ಗಿ. ಹಡಗಿನ ಹೆಸರು ದೊಡ್ಡಕ್ಕ. ಒಂದೂ ಮೊಳೆಯಿಲ್ಲದೆ, ಹಲಗೆಗೆ ಹಲಗೆ ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದ ಹಡಗು ಅದು. ಅದಕ್ಕೆ ಇಪ್ಪತ್ತನಾಲ್ಕು ಹುಟ್ಟು.

ದೊಡ್ಡಕ್ಕನ ಮೊದಲ ಹುಟ್ಟು, ಚುಕ್ಕಾಣಿಗೆ ತೀರ ಹತ್ತಿರದ್ದು, ದುಗ್ಗಿಯದು. ಮೊದಲ ಹುಟ್ಟಿನವರೇ ‘ಐಲೇಸಾ’ ಎಂದು ಕೂಗು ಹಾಕಬೇಕು, ಉಳಿದವರು ಆ ಕೂಗಿಗೆ ಒಟ್ಟಿಗೆ ಎಳೆಯಬೇಕು. ಸುಮ್ಮನೆ ಕೂತು ಬರೀ ಕೂಗು ಹಾಕುವ ಪದ್ಧತಿ ತೆರೆನಾಡಿನಲ್ಲಿ ಇರಲಿಲ್ಲ. ಹೇಳುವವರೂ ಎಳೆಯಬೇಕು. ಜಟ್ಟಿಗನೂ ಚಿಕ್ಕಂದಿನಲ್ಲಿ ಕೂಗು ಹಾಕಿ ನೋಡಿದ್ದ. ಆದರೆ ಅವನು ಕೊನೆಯ ‘ಸಾ’ವನ್ನು ರಾಗವಾಗಿ ಎಳೆದುಬಿಡುತ್ತಿದ್ದ. ಆ ಎಳೆತಕ್ಕೆ ಹುಟ್ಟುಗಳು ಒಂದಕ್ಕೊಂದು ತಾಗಿ ಜಗಳವಾಗುತ್ತಿತ್ತು. ಬೀರ ಎಷ್ಟು ಬೈದರೂ ಆ ಚಾಳಿ ಹೋಗಲಿಲ್ಲ. ಕೊನೆಗೆ ಕೂಗು ತಂಗಿಯ ಪಾಲಿಗೆ ಬಂತು, ಅಣ್ಣನ ಮನಸ್ಸಿನಲ್ಲಿ ಒಂದು ಮುಳ್ಳು ಉಳಿಯಿತು.

ಹೀಗಿರುವಾಗ ಒಂದು ದಿನ ಜಡಾಕ್ಷನೆಂಬ ಮಾಂತ್ರಿಕ ಬಂದರಿಗೆ ಬಂದ. ಅವನ ಹಣೆಯ ಮೇಲೊಂದು ಮೂರನೆಯ ಕಣ್ಣಿತ್ತು, ಅದಕ್ಕೆ ರೇಷ್ಮೆಯ ಪಟ್ಟಿ ಕಟ್ಟಿಕೊಂಡಿದ್ದ. ಅವನ ಹಿಂದೆ ಮೂರು ತಾಮ್ರದ ಹಡಗು ಬಂದವು. ಅವುಗಳಿಗೆ ಹಾಯಿಯಿಲ್ಲ, ಹುಟ್ಟಿಲ್ಲ, ಗಳವಿಲ್ಲ. ನೀರಿನಡಿಯಲ್ಲಿ ಮೊಸಳೆಯ ಮೋರೆ ಮೀನಿನ ಬಾಲದ ಮಕರಗಳು ಅವನ್ನು ಎಳೆಯುತ್ತಿದ್ದವು. ಜಡಾಕ್ಷ ಅರಮನೆಗೆ ಹೋಗಿ, ನಿನ್ನ ಜನ ನಲವತ್ತಕ್ಕೇ ಬೆನ್ನು ಬಗ್ಗಿ ಮುದುಕರಾಗುತ್ತಾರಲ್ಲ, ಈ ಹಡಗು ತೆಗೆದುಕೋ, ಬೆರಳೆತ್ತದೆ ಕಡಲು ದಾಟಲಿ ಎಂದ. ಒಂದೇ ಒಂದು ಷರತ್ತು. ಹುಟ್ಟು, ಹಾಯಿ, ಗಳ ಕಂಡರೆ ಮಕರಗಳು ಸಿಟ್ಟಾಗುತ್ತವೆ. ಅವು ನಾಡಿನಲ್ಲೆಲ್ಲೂ ಇರಕೂಡದು.

ರಾಜ ಮಾಣಿಕ್ಯದೇವ ಕೆಟ್ಟವನಲ್ಲ. ಆದರೆ ಹೊಸದನ್ನು ಕಂಡರೆ ಬಾಯಿ ಬಿಡುವ ಸ್ವಭಾವ. ಆಯಿತು ಎಂದುಬಿಟ್ಟ. ಮೂರು ದಿನ ಬಂದರಿನಲ್ಲಿ ಹುಟ್ಟುಗಳೂ ಹಾಯಿಗಳೂ ಉರಿದವು. ಮುದುಕರು ಹೊಗೆಗೆ ಕಣ್ಣೀರು ಬಂತೆಂದು ಹೇಳಿಕೊಂಡು ಅತ್ತರು.

ಜಟ್ಟಿಗ ತಾಮ್ರದ ಹಡಗಿಗೆ ಮೊದಲಿಗನಾಗಿ ಹೋಗಿ ಸೇರಿದ. ಆರು ತಿಂಗಳಾದ ಮೇಲೆ ಮನೆಗೆ ಬಂದು ತಂಗಿಯ ಮುಂದೆ ಅಂಗೈ ಚಾಚಿದ.

“ನೋಡು, ಜಡ್ಡೆಲ್ಲ ಹೋಯ್ತು. ರಾಜಕುಮಾರನ ಕೈ ಹಾಗಿದೆ. ನೀನು ಆ ಹಳೇ ಮರದ ತುಂಡುಗಳನ್ನ ತಬ್ಬಿಕೊಂಡು ಕೂತಿರು.”

“ಆ ಕೈಗೆ ಮಜ್ಜಿಗೆ ಮಾತ್ರ ಸಿಗ್ತದೆ ಅಣ್ಣ” ಎಂದಳು ದುಗ್ಗಿ.

ಜಟ್ಟಿಗ ಊಟಕ್ಕೂ ನಿಲ್ಲದೆ ಹೊರಟುಹೋದ. ಹೇಳಿದ್ದು ತಪ್ಪಲ್ಲ ಎಂದು ದುಗ್ಗಿಗೆ ಗೊತ್ತಿತ್ತು. ಹೇಳಬಾರದಿತ್ತು ಎಂದೂ ಗೊತ್ತಿತ್ತು. ಅವನಿಗೆಂದು ಬಡಿಸಿದ್ದ ಅನ್ನವನ್ನು ಅವಳು ಆ ದಿನ ಯಾರಿಗೂ ಕೊಡಲಿಲ್ಲ.

ಇನ್ನು ಆ ಹಳೇ ಮರದ ತುಂಡುಗಳ ವಿಷಯ. ರಾಜಭಟರು ಹುಟ್ಟು ಹುಡುಕಿಕೊಂಡು ಬೀರನ ಮನೆಗೆ ಬಂದಾಗ ದುಗ್ಗಿ ಸುಳ್ಳು ಹೇಳಿರಲಿಲ್ಲ. ನಮ್ಮ ಹುಟ್ಟುಗಳು ಈಗ ಮನೆ ಹೊತ್ತು ನಿಂತಿವೆ, ಸುಡುವುದಾದರೆ ಮನೆಯನ್ನೇ ಸುಡಿ ಎಂದಿದ್ದಳು. ಭಟರು ತಲೆಯೆತ್ತಿ ನೋಡಿದರೆ ಸೂರಿಗೆ ಇಪ್ಪತ್ತನಾಲ್ಕು ಹುಟ್ಟುಗಳೇ ಜಂತಿ. ಗಳಗಳು ಬೇಲಿಯಾಗಿದ್ದವು. ಹಾಯಿಯ ಮೇಲೆ ಭತ್ತ ಒಣಗುತ್ತಿತ್ತು. ದೊಡ್ಡಕ್ಕ ಮರಳಿನ ಮೇಲೆ ಬೋರಲಾಗಿ ಬಿದ್ದು ಅದರಡಿಯಲ್ಲಿ ಕೋಳಿಗಳು ಸಂಸಾರ ಹೂಡಿದ್ದವು. ಆ ಭಟರ ಅಪ್ಪಂದಿರೂ ಹುಟ್ಟು ಎಳೆದವರೇ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಇಲ್ಲಿ ಹುಟ್ಟು ಕಾಣಲಿಲ್ಲ ಎಂದು ಹೇಳಿಕೊಂಡು ಹೋದರು.

ವರ್ಷ ತುಂಬಿತು. ತಾಮ್ರದ ಹಡಗುಗಳು ಒಂದೊಂದರಲ್ಲಿ ನೂರು ಜನರಂತೆ ಮುನ್ನೂರು ಜನರನ್ನು ಹೊತ್ತು ಮೆಣಸಿನ ದ್ವೀಪಕ್ಕೆ ಹೊರಟವು. ಆರನೆಯ ದಿನ ಒಂದು ಕಡಲಹಕ್ಕಿ ಅರಮನೆಯ ಕಿಟಕಿಯಲ್ಲಿ ಕೂತು ಸುದ್ದಿ ಹೇಳಿತು. ಜಡಾಕ್ಷ ನಡುಕಡಲಲ್ಲಿ ಹಣೆಯ ಪಟ್ಟಿ ಬಿಚ್ಚಿದ್ದಾನೆ. ಅವನ ಮೂರನೆಯ ಕಣ್ಣನ್ನು ಯಾರ ಕಣ್ಣು ಕೂಡುತ್ತದೋ ಅವರು ನಿಂತಲ್ಲೇ ನಿಲ್ಲುತ್ತಾರೆ, ಕೈಕಾಲು ಆಡುವುದಿಲ್ಲ. ಮಕರಗಳು ನಿಂತಿವೆ, ಹಡಗುಗಳು ನಿಂತಿವೆ, ಮುನ್ನೂರು ಜನ ನಿಂತಿದ್ದಾರೆ. ಗಾಳಿಯನ್ನೂ ತೆರೆಯನ್ನೂ ಅವನು ದಿಟ್ಟಿಸಿ ನಿಲ್ಲಿಸಿದ್ದಾನೆ. ರಾಜ ಕಿರೀಟ ಕಳಿಸಿದರೆ ಬಿಡುತ್ತಾನೆ, ಇಲ್ಲವಾದರೆ ಇಲ್ಲ. ಬಾಯಿಗೆ ನೀರಿಲ್ಲದೆ ಅವರು ಇನ್ನು ಏಳು ದಿನ ಬದುಕುವಂತೆ ಮಂತ್ರ ಕಟ್ಟಿದ್ದಾನೆ, ಎಂಟನೆಯ ದಿನವಿಲ್ಲ. ಇಷ್ಟು ಹೇಳಿ ಹಕ್ಕಿ ಎರಡು ಮೀನು ಕೇಳಿತು.

ರಾಜ ಎದ್ದು ನಿಂತ, ಕೂತ, ಮತ್ತೆ ಎದ್ದು ನಿಂತ. ಹಡಗು ಕಳಿಸಬೇಕೆಂದರೆ ನಾಡಿನಲ್ಲಿ ಒಂದು ಹುಟ್ಟಿಲ್ಲ. ಹಸಿಮರದಲ್ಲಿ ಹೊಸದು ಕಡೆದರೆ ನೀರಿಗೆ ಬಾಗುತ್ತದೆ, ಮರ ಒಣಗಲು ಮಳೆಗಾಲ ಕಳೆಯಬೇಕು. ಕಿರೀಟ ತೆಗೆದು ತೊಡೆಯ ಮೇಲಿಟ್ಟುಕೊಂಡು ಅವನು ತಲೆ ತಗ್ಗಿಸಿದ.

ಆಗ ದುಗ್ಗಿ ಆಸ್ಥಾನಕ್ಕೆ ಬಂದಳು. ಅವಳ ಸೆರಗು ಹಿಡಿದು ಬೀರ ಬಂದ.

“ಒಡೆಯರೇ, ಕಿರೀಟ ತಲೆ ಮೇಲೆ ಇರಲಿ” ಎಂದಳು ದುಗ್ಗಿ. “ನಮ್ಮ ಮನೆ ಸೂರು ಬಿಚ್ಚಲಿಕ್ಕೆ ಅಪ್ಪಣೆ ಕೊಡಿ. ಅಲ್ಲಿ ನನ್ನ ಅಣ್ಣ ಇದ್ದಾನೆ. ನಾನು ಹೋಗಿ ಕರಕೊಂಡು ಬರ್ತೇನೆ.”

ಸೂರು ಬಿಚ್ಚುವುದಕ್ಕೆ ಇಡೀ ಕೇರಿ ಬಂತು. ಕೋಳಿಗಳನ್ನು ಓಡಿಸಿ ದೊಡ್ಡಕ್ಕನನ್ನು ಮಗುಚಿ, ಸಡಿಲವಾದ ಹೊಲಿಗೆ ಬಿಗಿದು, ಮೀನೆಣ್ಣೆ ಬಳಿದರು. ಅಂದು ಸಂಜೆಯೊಳಗೇ ಕುಡಿಯುವ ನೀರಿನ ಹಂಡೆಗಳನ್ನು ತುಂಬಿ ಇಳಿಸಿದರು. ಎಳೆಯಲು ಬಂದವರು ಯಾರು? ಹಲ್ಲಿಲ್ಲದ ಮುದುಕರು ಹನ್ನೊಂದು ಜನ, ಗಂಡ ಮಕ್ಕಳು ತಾಮ್ರದ ಹಡಗಿನಲ್ಲಿ ಸಿಕ್ಕಿಕೊಂಡಿದ್ದ ಹೆಂಗಸರು ಹನ್ನೆರಡು ಜನ, ದುಗ್ಗಿ ಒಬ್ಬಳು. ಕುರುಡನೇ ಚುಕ್ಕಾಣಿ ಹಿಡಿಯುವುದು ಎಂದಾಗ ಮಂತ್ರಿ ನಕ್ಕ. ಬೀರ ಅವನತ್ತ ಮುಖ ತಿರುಗಿಸಿ, ತಮಗೆ ಕಣ್ಣಿದೆಯಲ್ಲ, ತಾವೇ ಹಿಡಿಯಿರಿ ಸ್ವಾಮಿ ಎಂದ. ಮಂತ್ರಿಗೆ ಬೇರೆ ಕೆಲಸ ನೆನಪಾಯಿತು.

ಹೊರಟ ಎರಡನೆಯ ದಿನ ಕಡಲು ತಟ್ಟನೆ ಮೊಣಕಾಲುದ್ದಕ್ಕೆ ಇಳಿಯಿತು. ಹುಟ್ಟುಗಳು ಕೆಸರಿಗೆ ಕಚ್ಚಿಕೊಂಡವು. ಅದು ಕೆಸರಲ್ಲ, ಕೆಸರು ಹೊತ್ತ ಏಡಿರಾಜನ ಬೆನ್ನು. ಜಡಾಕ್ಷ ಕಾವಲಿಗಿಟ್ಟ ಆ ಏಡಿ ಒಂದು ಊರಿನಷ್ಟು ಅಗಲವಿತ್ತು. ನನ್ನ ಮೇಲೆ ಯಾರೂ ಈಜಲಾರರು, ಹುಟ್ಟು ಹಾಕಲಾರರು ಎಂದು ಅದು ನೀರಿನಡಿಯಿಂದ ಗುಡುಗಿತು. ದುಗ್ಗಿ ಹುಟ್ಟುಗಳನ್ನು ಒಳಗೆಳೆಸಿ ಬೇಲಿಯ ಹನ್ನೆರಡು ಗಳಗಳನ್ನು ಹೊರತೆಗೆಸಿದಳು. ಎರಡೂ ಅಂಚಿನಲ್ಲಿ ಆರಾರು ಜನ ಗಳ ಊರಿ, ಎದೆ ಕೊಟ್ಟು ತಳ್ಳುತ್ತ ಮುಂದಿನಿಂದ ಹಿಂದಕ್ಕೆ ನಡೆದರು. ಐಲೇಸಾ. ಗಳದ ತುದಿಗಳು ಏಡಿಯ ಚಿಪ್ಪನ್ನು ಕೆರೆದವು. ಸಾವಿರ ವರ್ಷದಿಂದ ಆ ಬೆನ್ನು ತುರಿಸುತ್ತಿತ್ತು, ಕೊಂಡಿಗಳು ಅಲ್ಲಿಗೆ ಎಟುಕುತ್ತಿರಲಿಲ್ಲ. ಏಡಿರಾಜ ಕಣ್ಣು ಮುಚ್ಚಿ, ಸ್ವಲ್ಪ ಎಡಕ್ಕೆ, ಹಾಂ, ಅಲ್ಲೇ, ಇನ್ನೂ ಸ್ವಲ್ಪ ಎಂದು ದಾರಿಯುದ್ದಕ್ಕೂ ತಾನೇ ಹೇಳಿಕೊಟ್ಟ. ಬೆನ್ನು ಮುಗಿದ ಮೇಲೆ ನಿದ್ದೆ ಹೋಗಿ ಮುಳುಗಿದ.

ನಾಲ್ಕನೆಯ ದಿನ ಎದುರಿನಿಂದ ಬಿರುಗಾಳಿ ಎದ್ದಿತು. ಜಡಾಕ್ಷನ ಇನ್ನೊಂದು ಕಾವಲು, ಗಾಳಿಹದ್ದು ಎಂಬ ಹಕ್ಕಿ, ನೀರಿನ ಮೇಲೆ ನಿಂತು ರೆಕ್ಕೆ ಬಡಿಯುತ್ತಿತ್ತು. ಅದರ ಒಂದು ಗರಿ ಕೂವೆಮರದಷ್ಟು ಉದ್ದ, ಅಂದರೆ ಹಾಯಿ ಕಟ್ಟುವ ಕಂಬದಷ್ಟು. ಹುಟ್ಟು ಎಳೆದರೆ ಒಂದು ಮಾರು ಮುಂದೆ, ಎರಡು ಮಾರು ಹಿಂದೆ. ನನ್ನೆದುರು ಯಾರೂ ನೇರ ಬರಲಾರರು ಎಂದು ಹದ್ದು ನಕ್ಕಿತು. ಅದು ನಿಜ, ನಾವು ನೇರ ಹೋಗುವುದು ಬೇಡ ಎಂದು ಬೀರ ಹೇಳಿದ. ಭತ್ತದ ಹೊಟ್ಟು ಇನ್ನೂ ಅಂಟಿಕೊಂಡಿದ್ದ ಹಾಯಿಯನ್ನು ಏರಿಸಿದರು. ಅದನ್ನು ಓರೆಗೆ ತಿರುಗಿಸಿ ಗಾಳಿಯನ್ನು ಪಕ್ಕಕ್ಕೆ ತೆಗೆದುಕೊಂಡು ಬಲಕ್ಕೆ ಹೋದರು, ಮತ್ತೆ ಓರೆ ಬದಲಿಸಿ ಎಡಕ್ಕೆ ಹೋದರು, ಮತ್ತೆ ಬಲಕ್ಕೆ. ಒಂದೊಂದು ತಿರುವಿನಲ್ಲೂ ದೊಡ್ಡಕ್ಕ ನೂರು ಮಾರು ಮುಂದೆ ಬರುತ್ತಿದ್ದಳು. ಹದ್ದು ಊದಿದ ಗಾಳಿಯೇ ಅವಳನ್ನು ಹದ್ದಿನ ಹತ್ತಿರಕ್ಕೆ ಎಳೆದು ತಂತು. ಇವರು ತಿರುಗಿದ ಕಡೆಗೆಲ್ಲ ತಾನೂ ತಿರುಗಿ ತಿರುಗಿ ಹದ್ದಿಗೆ ತಲೆ ಸುತ್ತು ಬಂತು. ಸಂಜೆಗೆ ಮುಂಚೆ ಅದು ಬಂಡೆಯೊಂದರ ಮೇಲೆ ಕೂತು, ಹೋಗಿ ಮಾರಾಯರೇ, ಹೋಗಿ ಎಂದು ಕೈ ಮುಗಿಯುವ ಹಾಗೆ ರೆಕ್ಕೆ ಮುಚ್ಚಿತು.

ಏಳನೆಯ ದಿನ, ಹೊತ್ತು ನೆತ್ತಿಗೆ ಬರುವಾಗ, ಗಾಳಿ ಸತ್ತುಹೋಯಿತು. ಹಾಯಿ ಜೋತುಬಿದ್ದಿತು. ನೀರು ಕನ್ನಡಿಯಂತೆ ನಿಂತಿತ್ತು. ಗಳ ಊರಲು ತಳ ಸಿಗಲಿಲ್ಲ. ದೂರದಲ್ಲಿ ಮೂರು ತಾಮ್ರದ ಹಡಗುಗಳು, ಅವುಗಳ ಮುಂದೆ ಒಂದು ತಾಮ್ರದ ತೆಪ್ಪ, ತೆಪ್ಪದ ಮೇಲೆ ಹಣೆಗಣ್ಣು ತೆರೆದುಕೊಂಡು ಕೂತ ಜಡಾಕ್ಷ. ಇಷ್ಟು ಕಂಡದ್ದೇ, ಕಣ್ಣಿಗೆ ಕಣ್ಣು ಕೂಡದಷ್ಟು ದೂರದಲ್ಲಿರುವಾಗಲೇ, ದುಗ್ಗಿ ಹಾಯಿ ಸುತ್ತಿಸಿ ಎಲ್ಲರಿಗೂ ಅವರವರ ಜಾಗಕ್ಕೆ ಹೋಗಿ ಹುಟ್ಟು ಹಿಡಿಯಲು ಹೇಳಿದಳು.

ಜಡಾಕ್ಷ ನಗುತ್ತ ಕಾದ. ಬರುವವರೆಲ್ಲ ತನ್ನ ಕಣ್ಣನ್ನು ನೋಡಲೇಬೇಕಲ್ಲ. ಅವನ ತಾಮ್ರದ ಹಡಗುಗಳಲ್ಲಿ ಎಲ್ಲರೂ ಮುಂದಕ್ಕೆ ನೋಡುತ್ತ ನಿಲ್ಲುತ್ತಿದ್ದರು. ಆದರೆ ದೊಡ್ಡಕ್ಕ ಹತ್ತಿರ ಬಂದಂತೆ ಅವನಿಗೆ ಕಂಡದ್ದು ಇಪ್ಪತ್ತನಾಲ್ಕು ಬೆನ್ನು. ಹುಟ್ಟು ಎಳೆಯುವವರು ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂರುತ್ತಾರೆ ಎಂಬುದು ತೆರೆನಾಡಿನ ಹಾಲುಕುಡಿಯುವ ಮಗುವಿಗೂ ಗೊತ್ತು. ಬದುಕಿನಲ್ಲಿ ಒಮ್ಮೆಯೂ ಹುಟ್ಟು ಮುಟ್ಟದ ಮಹಾಮಾಂತ್ರಿಕನಿಗೆ ಅದು ಗೊತ್ತಿರಲಿಲ್ಲ.

ಮುಂದಕ್ಕೆ ಮುಖ ಮಾಡಿ ಕೂತವನು ಒಬ್ಬನೇ, ಚುಕ್ಕಾಣಿಯ ಬೀರ. ಜಡಾಕ್ಷ ಅವನನ್ನೇ ದಿಟ್ಟಿಸಿದ. ಬೀರನೂ ಅವನತ್ತಲೇ ಮುಖವಿಟ್ಟು ಕೂತಿದ್ದ. ಏನೂ ಆಗಲಿಲ್ಲ.

“ಸುಮ್ಮನೆ ಆಯಾಸ ಮಾಡಿಕೋಬೇಡ” ಎಂದ ಬೀರ. “ಈ ಕಣ್ಣನ್ನ ಮೂವತ್ತು ವರ್ಷ ಕಡಲಿಗೆ ಕೊಟ್ಟಿದ್ದೇನೆ. ನಿನಗೆ ಅಂತ ಏನೂ ಉಳಿದಿಲ್ಲ.”

ಅಪ್ಪನ ಮುಖ ದುಗ್ಗಿಗೆ ಎದುರಿಗೇ ಇತ್ತು. ಅವಳ ಎದೆ ಉಬ್ಬಿತು. ಅಪ್ಪನ ಹೆಗಲಿನಾಚೆ ಹಡಗು ಬಂದ ದಾರಿಯಲ್ಲಿ ನೊರೆಯ ಗೆರೆ ಬಿದ್ದಿತ್ತು. ಅದು ನೆಟ್ಟಗಿದ್ದರೆ ಹಡಗೂ ನೆಟ್ಟಗೆ ಹೋಗುತ್ತಿದೆ ಎಂದರ್ಥ. ಗೆರೆ ಎಡಕ್ಕೆ ಬಾಗಿತು ಅಪ್ಪ ಎಂದು ಅವಳು ಹೇಳುತ್ತಿದ್ದಳು, ಅವನು ಚುಕ್ಕಾಣಿ ತಿದ್ದುತ್ತಿದ್ದ. ಹೀಗೆ ಮುಂದೆ ನೋಡದ ಇಪ್ಪತ್ತೈದು ಜನ ಕಣ್ಣಿದ್ದವನೊಬ್ಬನ ಮೇಲೆ ಏರಿಹೋಗುತ್ತಿದ್ದರು.

ಜಡಾಕ್ಷ ಗಾಬರಿಯಾದ. ಸುತ್ತಿಬಂದು ಅವರ ಮುಖ ಹಿಡಿಯೋಣವೆಂದು ತನ್ನ ಮಕರಕ್ಕೆ ತೆಪ್ಪ ಎಳೆಯಲು ಹೇಳಿದ. ಆದರೆ ದೊಡ್ಡಕ್ಕನನ್ನು ದಿಟ್ಟಿಸುವ ಭರದಲ್ಲಿ ಅವನು, ತೆಪ್ಪ ಎಳೆಯಲೆಂದು ಮಂತ್ರ ಹಾಕದೆ ಬಿಟ್ಟಿದ್ದ ಆ ಮಕರವನ್ನು ಕಾಯುವುದನ್ನೇ ಮರೆತಿದ್ದ. ಬಿಡುಗಡೆ ಸಿಕ್ಕ ಮಕರ ಆಗಲೇ ಎಲ್ಲೋ ಹೋಗಿಯಾಗಿತ್ತು. ತೆಪ್ಪದಲ್ಲಿ ಒಂದು ಹುಟ್ಟಿರಲಿಲ್ಲ. ಹಾಯಿ ಇದ್ದಿದ್ದರೂ ಉಪಯೋಗವಿರಲಿಲ್ಲ, ಗಾಳಿಯನ್ನು ಅವನೇ ಕೊಂದಿದ್ದ.

ಉಳಿದದ್ದು ಮೋಸ. ಅವನು ಜಟ್ಟಿಗನ ದನಿ ತೆಗೆದ.

“ತಂಗೀ, ಪ್ರಾಣ ಹೋಗ್ತಿದೆ. ಒಂದು ಸಲ ತಿರುಗಿ ನೋಡೇ.”

ದುಗ್ಗಿಯ ಕೂಗು ನಡುವೆಯೇ ನಿಂತುಹೋಯಿತು. ಅದೇ ದನಿ. ಕೂಗಿಲ್ಲದೆ ಹುಟ್ಟುಗಳು ಒಂದಕ್ಕೊಂದು ತಾಗಿದವು, ದೊಡ್ಡಕ್ಕ ತಡವರಿಸಿದಳು. ಊಟ ಬಿಟ್ಟು ಹೋದ ಅಣ್ಣ ಅವಳ ಕಣ್ಣ ಮುಂದೆ ಬಂದ. ತಿರುಗಿ ನೋಡದೆ ಹೋದರೆ ಇನ್ನೊಮ್ಮೆ ನೋಡಲು ಸಿಗುತ್ತಾನೋ ಇಲ್ಲವೋ. ಅವಳ ಕತ್ತು ಅರ್ಧ ತಿರುಗಿತು.

“ದುಗ್ಗಿ” ಎಂದ ಬೀರ, ಮೆಲ್ಲಗೆ. “ಗೆರೆ ನೆಟ್ಟಗಿದೆಯಾ ಮಗಾ? ನನಗೆ ಕಾಣುವುದಿಲ್ಲ.”

ಅವಳು ಗೆರೆಯತ್ತ ಕಣ್ಣು ತಂದಳು. ಅಷ್ಟರಲ್ಲಿ ಬೆನ್ನ ಹಿಂದಿನಿಂದ, ಒಣಗಿ ಒಡೆದ ಇನ್ನೊಂದು ದನಿ ಕೇಳಿತು.

“ಐಲೇ...ಸಾ...ಆ...”

ಕೊನೆಯ ಅಕ್ಷರ ಉದ್ದಕ್ಕೆ ಎಳೆದಿತ್ತು. ಮಾಂತ್ರಿಕನಿಗೆ ಯಾರ ದನಿ ಬೇಕಾದರೂ ಬರಬಹುದು, ಚಿಕ್ಕಂದಿನಲ್ಲಿ ಬೈಸಿಕೊಂಡ ಆ ಚಾಳಿ ಎಲ್ಲಿಂದ ಬರಬೇಕು? ಬೀರನ ಮುಖ ಅರಳಿದ್ದನ್ನು ದುಗ್ಗಿ ಕಂಡಳು. ಅವಳ ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಇನ್ನೊಂದು ಕೂಗು ಬಂತು. ಈ ಸಲ ಕೈಕಾಲು ಆಡದ ಮುನ್ನೂರು ಜನರ ನಾಲಿಗೆ ಅದಕ್ಕೆ ಸೇರಿತು. ದುಗ್ಗಿ ಅಣ್ಣನ ಎಳೆತಕ್ಕೇ ತನ್ನ ಎಳೆತ ಹೊಂದಿಸಿದಳು, ಉಳಿದವರು ಅವಳಿಗೆ ಹೊಂದಿಸಿದರು. ಉದ್ದನೆಯ ಕೂಗಿಗೆ ಉದ್ದನೆಯ ಎಳೆತ. ದೊಡ್ಡಕ್ಕ ತನ್ನ ಆಯಸ್ಸಿನಲ್ಲಿ ಎಂದೂ ಅಷ್ಟು ವೇಗವಾಗಿ ಹೋಗಿರಲಿಲ್ಲ.

ಹಡಗಿನ ಮೂತಿ ತಾಮ್ರದ ತೆಪ್ಪಕ್ಕೆ ಬಡಿಯಿತು. ನಾರಿನಲ್ಲಿ ಹೊಲಿದ ಹಲಗೆಗಳು ಒಮ್ಮೆ ನರಳಿ, ಬಾಗಿ, ಮತ್ತೆ ನೆಟ್ಟಗಾದವು. ತೆಪ್ಪ ಮಗುಚಿತು. ಜಡಾಕ್ಷ ಆಚೆ ಕಡೆಗೆ ಮುಖ ಅಡಿಯಾಗಿ ಬೀಳುತ್ತ, ತಾನೇ ಕನ್ನಡಿಯಾಗಿಸಿದ ನೀರಿನಲ್ಲಿ ತನ್ನದೇ ಹಣೆಗಣ್ಣನ್ನು ಕಂಡ. ಕಂಡವನು ಅಲ್ಲೇ ಕಲ್ಲಾದ. ಕಲ್ಲು ಮುಳುಗಿತು.

ಗಾಳಿ ಎದ್ದಿತು, ನೀರು ಅಲೆಯಾಡಿತು, ಮಕರಗಳು ಹಗ್ಗ ಕಿತ್ತುಕೊಂಡು ತಮ್ಮ ಮನೆಗೆ ಹೋದವು. ಮುನ್ನೂರು ಜನರಿಗೆ ಕೈಕಾಲು ಬಂತು. ಕಂಚಿನ ಚೆಂಬುಗಳಲ್ಲಿ ನೀರು ಕೈಯಿಂದ ಕೈಗೆ ಹೋಯಿತು. ಕುಡಿದಾದ ಮೇಲೆ ಅವರಿಗೆ ಹೊಳೆಯಿತು, ತಾಮ್ರದ ಹಡಗುಗಳನ್ನು ಇನ್ನು ಎಳೆಯುವವರೇ ಇಲ್ಲ ಎಂದು. ದುಗ್ಗಿ ಹನ್ನೆರಡು ಗಳಗಳನ್ನು ನಾಲ್ಕು ನಾಲ್ಕರಂತೆ ಸೇರಿಸಿ ಬಿಗಿದು ಒಂದೊಂದು ಹಡಗಿಗೆ ಒಂದೊಂದು ಕೂವೆಮರ ಮಾಡಿಸಿದಳು. ಮುನ್ನೂರು ತಲೆಯ ಮುನ್ನೂರು ರುಮಾಲುಗಳನ್ನು ಹೆಂಗಸರು ಕೂತು ಹೊಲಿದು ಮೂರು ಹಾಯಿ ಮಾಡಿದರು. ಕೆಂಪು, ಹಳದಿ, ಹಸಿರು, ಒಂದಿಷ್ಟು ಎಣ್ಣೆಕಲೆ ಬೇರೆ. ಗಾಳಿ ನಿಂತಾಗ ದೊಡ್ಡಕ್ಕ ಮುಂದೆ ನಿಂತು ಮೂರನ್ನೂ ಹಗ್ಗ ಹಾಕಿ ಎಳೆದಳು. ಇಪ್ಪತ್ತನಾಲ್ಕು ಹುಟ್ಟಿಗೆ ಮುನ್ನೂರು ಜನ ಪಾಳಿ ಹಚ್ಚಿದರು. ಪಾಳಿ ಮುಗಿದರೂ ಜಾಗ ಬಿಟ್ಟು ಏಳದವನು ಜಟ್ಟಿಗನೊಬ್ಬನೇ.

ಆ ನಾಲ್ಕು ಹಡಗುಗಳು ಬಂದರಿಗೆ ಬಂದ ಬೆಳಗನ್ನು ತೆರೆನಾಡಿನವರು ಇಂದಿಗೂ ತಮ್ಮ ಮನೆಯ ಮದುವೆಯಂತೆ ನೆನೆಯುತ್ತಾರೆ. ರುಮಾಲಿನ ಹಾಯಿಗಳು ಉಬ್ಬಿ ನಿಂತಿದ್ದವು. ಊರಿಗೆ ಊರೇ ಸೊಂಟದವರೆಗೆ ನೀರಿಗಿಳಿದು ಐಲೇಸಾ ಎಂದು ಕೂಗಿ ಕರೆಯಿತು. ರಾಜ ಮಾಣಿಕ್ಯದೇವ ಪಾದರಕ್ಷೆ ಬಿಟ್ಟು ಮರಳಿನಲ್ಲಿ ನಡೆದು ಬಂದು, ಏನು ಬೇಕೋ ಕೇಳು ತಾಯಿ ಎಂದ. ದುಗ್ಗಿ ರಾಜನ ಕೈ ನೋಡಿದಳು. ಒಡೆಯರು ಒಂದು ಸಲ ನಮ್ಮ ಜೊತೆ ಹುಟ್ಟು ಹಾಕಬೇಕು, ಅಷ್ಟೇ ಸಾಕು ಎಂದಳು. ರಾಜ ಆ ಕ್ಷಣವೇ ಹಡಗು ಹತ್ತಿದ. ಬಂದರಿನ ಬಾಯಿಯವರೆಗೆ ಹೋಗಿ ಬರುವಷ್ಟರಲ್ಲಿ ಅವನ ಅಂಗೈಯಲ್ಲಿ ನಾಲ್ಕು ಬೊಬ್ಬೆ ಎದ್ದವು. ಅದನ್ನು ಅವನು ರಾಣಿಗೆ, ಮಂತ್ರಿಗೆ, ಬಾಗಿಲು ಕಾಯುವವನಿಗೆ, ಹೀಗೆ ಸಿಕ್ಕಿದವರಿಗೆಲ್ಲ ತೋರಿಸಿದ. ಅಂದಿನಿಂದ ತೆರೆನಾಡಿನಲ್ಲಿ ಪಟ್ಟಕ್ಕೇರುವವರು ಮೊದಲು ತಾಂಡೇಲನ ಮುಂದೆ ಅಂಗೈ ಚಾಚಬೇಕು. ಅವನು ಮುಟ್ಟಿ ನೋಡಿ ಹೂಂ ಎಂದರೆ ಮಾತ್ರ ಕಿರೀಟ.

ಜನ ಚದುರಿದ ಮೇಲೆ ದುಗ್ಗಿ ಸೂರಿಲ್ಲದ ಮನೆಗೆ ಬಂದು ಅನ್ನಕ್ಕಿಟ್ಟಳು. ಜಟ್ಟಿಗ ಹೊಸ್ತಿಲಲ್ಲಿ ನಿಂತ. ಒಳಗೆ ಬರಲು ಅವನಿಗೆ ನಾಚಿಕೆ. ಕೊನೆಗೆ ಎರಡೂ ಅಂಗೈ ಚಾಚಿದ. ಬೊಬ್ಬೆ ಒಡೆದು, ಸಿಪ್ಪೆ ಸುಲಿದು, ಕೆಂಪಗೆ ಹಸಿ ಹಸಿಯಾಗಿದ್ದವು.

ದುಗ್ಗಿ ಕೊಬ್ಬರಿ ಎಣ್ಣೆ ತಂದು ಆ ಕೈಗಳಿಗೆ ಹಚ್ಚಿದಳು.

“ಈಗ ಪರವಾಗಿಲ್ಲ ಅಣ್ಣ” ಎಂದಳು. “ಇನ್ನು ನಿನಗೆ ಮಜ್ಜಿಗೆ ಕೊಟ್ಟು ಯಾರೂ ಕಳಿಸುವುದಿಲ್ಲ. ಬಾ, ಊಟ ಮಾಡು.”

ಮರುದಿನ ಅರಸನೇ ಮನೆಗೆ ಹೊಸ ಸೂರು ಹಾಕಿಸಿಕೊಟ್ಟ, ಈ ಸಲ ಬೇರೆ ಮರದ್ದು. ಹುಟ್ಟುಗಳು ಹಡಗಿಗೆ ಹೋದವು, ಕೋಳಿಗಳು ಬೇರೆ ಜಾಗ ನೋಡಿಕೊಂಡವು. ಜಟ್ಟಿಗನಿಗೆ ಮದುವೆಯಾಯಿತು, ದುಗ್ಗಿ ತೆರೆನಾಡಿನ ತಾಂಡೇಲಳಾದಳು, ಬೀರ ಮೊಮ್ಮಕ್ಕಳಿಗೆ ಕೂಗು ಹಾಕುವುದನ್ನು ಕಲಿಸಿದ. ಆ ಮಕ್ಕಳೂ ಕೊನೆಯ ಅಕ್ಷರವನ್ನು ಉದ್ದಕ್ಕೆ ಎಳೆಯುತ್ತಿದ್ದರು, ಅವನು ಮಾತ್ರ ಆಮೇಲೆ ಯಾರಿಗೂ ಬೈಯಲಿಲ್ಲ. ಅವರೆಲ್ಲ ನೂರು ಮಳೆಗಾಲ ಕಂಡು, ಗಟ್ಟಿ ಕೈಯಲ್ಲಿ ಗಳಿಸಿ ತುಂಬಿದ ತಟ್ಟೆಯಲ್ಲಿ ಉಂಡು, ಸುಖವಾಗಿ ಬಾಳಿದರು.